ಒಂದು ಫಾರ್ವರ್ಡ್‌ಗೆ ಸಾವಿರ ಆತ್ಮ

ಇದು ನಮ್ಮ ಅಜ್ಜಿ ಮನೆ ಗ್ರೂಪಲ್ಲಿ 2025 ಅಕ್ಟೋಬರ್ 31, ಶುಕ್ರವಾರ ಸಾಯಂಕಾಲ ನಡೆದದ್ದು. ಭಾನುವಾರ ಸತ್ತವರ ಹಬ್ಬ. ದೊಡ್ಡಮ್ಮ, ಮಾವ, ಸಿಸ್ಟರ್ ಚಿಕ್ಕಮ್ಮ, ನಮ್ಮಮ್ಮ ಎಲ್ಲ ತೀರಿಹೋದ ಅಜ್ಜಿಯ ಮಕ್ಕಳು, ಅವರು ಅಮ್ಮ ಅಂದ್ರೆ ಅಜ್ಜಿ. ದುಬೈ ಅಣ್ಣ ದೊಡ್ಡಮ್ಮನ ಮಗ; ಚಿಕ್ಕಮ್ಮ ಅಣ್ಣ ಅನ್ನೋದು ಮಾವಂಗೆ. ನಮ್ಮಮ್ಮ ಹಾಕಿದ ಕೈಮುಗಿಯೋ ಇಮೋಜಿಗಳನ್ನ ಬಿಟ್ಟಿದೀನಿ, ಅವೇ ಅರ್ಧ ಚಾಟ್ ಆಗ್ತಿತ್ತು.

ದೊಡ್ಡಮ್ಮ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಈ ಪ್ರಾರ್ಥನೆ ಒಂದು ಸಲ ಹೇಳಿದರೆ ಶುದ್ಧೀಕರಣ ಸ್ಥಳದಿಂದ 1000 ಆತ್ಮಗಳಿಗೆ ಬಿಡುಗಡೆ!! 20 ಜನರಿಗೆ ಕಳಿಸಿ. ದಯವಿಟ್ಟು ಡಿಲೀಟ್ ಮಾಡಬೇಡಿ.

(ಶುದ್ಧೀಕರಣ ಸ್ಥಳ ಅಂದ್ರೆ ಕಥೋಲಿಕರ ನಂಬಿಕೇಲಿ ಸತ್ತವರ ಆತ್ಮ ಸ್ವರ್ಗಕ್ಕೆ ಹೋಗೋ ಮುಂಚೆ ಶುದ್ಧ ಆಗೋ ಜಾಗ.)

ದೊಡ್ಡಮ್ಮ: ಎಲ್ರೂ ಇವತ್ತೇ ಹೇಳಿ, ಅಮ್ಮನ ಹೆಸರಲ್ಲಿ. ನಾನು ಆಗಲೇ ಏಳು ಸಲ ಹೇಳ್ದೆ

ದುಬೈ ಅಣ್ಣ: ಅಮ್ಮ ಅಲ್ಲಿಗೆ ಏಳು ಸಾವಿರ ಆಯ್ತು. ಅಜ್ಜಿದು ಅದ್ರಲ್ಲಿ ಎಷ್ಟನೇ ನಂಬರ್?

ದೊಡ್ಡಮ್ಮ: ಹುಡುಗಾಟ ಬೇಡ. ಫೋನ್ ಮಾಡ್ತೀನಿ ಇರು ನಿಂಗೆ

ಮಾವ: ಪ್ರೈಸ್ ದ ಲಾರ್ಡ್. ಅಕ್ಕ ಬೇಜಾರ್ ಮಾಡ್ಕೋಬೇಡ, ಆದ್ರೆ ಇವತ್ತು ತಾರೀಕು ಎಷ್ಟು ನೋಡಿದ್ಯಾ. 1517ನೇ ಇಸವಿ ಇದೇ ಅಕ್ಟೋಬರ್ 31ಕ್ಕೆ ಜರ್ಮನಿಯ ವಿಟೆನ್‌ಬರ್ಗಲ್ಲಿ ಮಾರ್ಟಿನ್ ಲೂಥರ್ 95 ಅಂಶ ಬರೆದು ಕಳಿಸಿದ್ದು ಇದೇ ಗಲಾಟೆಗೆ. ಟೆಟ್ಜೆಲ್ ಅಂತ ಒಬ್ಬ ಸನ್ಯಾಸಿ ಊರೂರಿಗೆ ಪೆಟ್ಟಿಗೆ ಹಿಡ್ಕೊಂಡು ಇಂಡಲ್ಜೆನ್ಸ್ (ಪಾಪದ ಶಿಕ್ಷೆಗೆ ಚರ್ಚ್ ಕೊಡೋ ವಿನಾಯಿತಿ) ಮಾರ್ಕೊಂಡು ಹೋಗೋನು, ಕಾಸು ಪೆಟ್ಟಿಗೇಲಿ ಠಣ್ ಅಂದ್ರೆ ಆತ್ಮ ಅಲ್ಲಿಂದ ಹಾರಿ ಹೋಗುತ್ತೆ ಅಂತ ಹೇಳ್ಕೊಂಡು. ರೋಮಿನ ಸಂತ ಪೇತ್ರರ ದೇವಾಲಯ ಕಟ್ಟೋಕೆ ಅಂತ ಹೆಸರು, ಅದ್ರಲ್ಲಿ ಅರ್ಧ ದುಡ್ಡು ಹೋಗಿದ್ದು ಜರ್ಮನಿಯ ಮೈನ್ಸ್ ಊರಿನ ಆರ್ಚ್‌ಬಿಷಪ್ಪು ಫುಗ್ಗರ್ ಅನ್ನೋ ಸಾಹುಕಾರರ ಹತ್ರ ಮಾಡಿದ್ದ ಸಾಲಕ್ಕೆ. ಆಗ ಕಾಸು ಈಗ ಫಾರ್ವರ್ಡು ಅಷ್ಟೇ ವ್ಯತ್ಯಾಸ. ಆಗಿದ್ದ ಪೋಪ್ ಹೆಸರೂ ಲಿಯೋ, ಈಗಿರೋರೂ ಲಿಯೋ 😀

ದೊಡ್ಡಮ್ಮ: ಶುರುವಾಯ್ತು. ನಿನ್ನ ಹೊಸ ಸಭೆ ಪಾಸ್ಟರ್ ಹೇಳ್ಕೊಟ್ಟಿದ್ದು ಇಲ್ಲಿ ಬೇಡ

ಮಾವ: ಪಾಸ್ಟರ್ ಅಲ್ಲಕ್ಕ ಇತಿಹಾಸ. ಯೇಸು ಶಿಲುಬೆ ಮೇಲೆ ಎಲ್ಲಾ ತೀರಿಸಿದ ಮೇಲೆ ಇನ್ನ ಬಾಕಿ ಏನಿದೆ ಅಂತ ನೀವು ಕಂತು ಕಟ್ತಿದೀರಾ

ಇಲ್ಲಿಂದ ಮುಕ್ಕಾಲು ಗಂಟೆ ಇಬ್ಬರದೂ ನಡೀತು, ಪೂರ್ತಿ ಹಾಕಲ್ಲ, ಮಧ್ಯೆ ಅಜ್ಜಿ ಸರದ ವಿಷಯಾನೂ ಬಂತು. ಆಮೇಲೆ ರಾತ್ರಿ ಊಟ, ಪ್ರಾರ್ಥನೆ ಮುಗಿಸ್ಕೊಂಡು ಕಾನ್ವೆಂಟಿಂದ ಸಿಸ್ಟರ್ ಚಿಕ್ಕಮ್ಮ ಬಂದ್ರು. ಅವರಿಗೆ ಫೋನ್ ಸಿಗೋದೇ ಆ ಅರ್ಧ ಗಂಟೆ.

ಸಿಸ್ಟರ್ ಚಿಕ್ಕಮ್ಮ: ಎಲ್ಲಾ ಓದ್ದೆ. ಮೊದಲು ಅಕ್ಕಂಗೆ. ಅಕ್ಕ ಆ ಪ್ರಾರ್ಥನೇಲಿ ತಪ್ಪೇನಿಲ್ಲ, ದಿನಾ ಹೇಳು. ಆದ್ರೆ ಸಾವಿರ ಅನ್ನೋ ಲೆಕ್ಕ ಚರ್ಚ್ ಕೊಟ್ಟಿದ್ದಲ್ಲ, ಇಂಡಲ್ಜೆನ್ಸ್‌ದು ಅಂತ ಚರ್ಚ್‌ದೇ ಒಂದು ಅಧಿಕೃತ ಪುಸ್ತಕ ಇದೆ, ಅದ್ರಲ್ಲಿ ಒಂದು ಸಲಕ್ಕೆ ಇಷ್ಟು ಆತ್ಮ ಅನ್ನೋ ಮಾತೇ ಇಲ್ಲ. 20 ಜನಕ್ಕೆ ಕಳಿಸಿ ಅನ್ನೋದಂತೂ ಮೂಢನಂಬಿಕೆ.

ದೊಡ್ಡಮ್ಮ: ಹಾಗಾದ್ರೆ ಅಮ್ಮನ ಜಪದ ಪುಸ್ತಕದಲ್ಲಿ ಇರೋದು ಏನು. ಬಿಷಪ್ ಒಪ್ಪಿಗೆ ಅಂತಾನೇ ಅಚ್ಚಾಗಿದೆ

ಫೋಟೋ ಬಂತು. ಎಣ್ಣೆ ಜಿಡ್ಡಾಗಿರೋ ಹಳದಿ ಹಾಳೆ, ಜಪದ ಕೆಳಗೆ ಸಣ್ಣ ಅಕ್ಷರದಲ್ಲಿ 300 ದಿನ, ಇನ್ನೊಂದ್ರ ಕೆಳಗೆ 7 ವರ್ಷ 7 ಕ್ವಾರಂಟೈನ್. ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಅಜ್ಜಿ ಗೀಟು ಹಾಕಿ ಹಾಕಿ ಕೂಡಿಸಿರೋ ಲೆಕ್ಕ, ಹಾಲಿನ ಲೆಕ್ಕ ಬರೀತಿದ್ದ ಹಾಗೇ.

ದುಬೈ ಅಣ್ಣ: ಕ್ವಾರಂಟೈನಾ?? ಅಜ್ಜಿ ಕೋವಿಡ್‌ಗಿಂತ ಮುಂಚೇನೇ ಶುರು ಮಾಡಿದ್ರಾ

ನಾನು: ಚಿಕ್ಕಮ್ಮ 300 ದಿನ ಅಂದ್ರೆ ಶುದ್ಧೀಕರಣ ಸ್ಥಳದಿಂದ 300 ದಿನ ಮುಂಚೆ ಬಿಡುಗಡೆ ಅಂತಲ್ವಾ? ನಾನು ಹಾಗೇ ಅನ್ಕೊಂಡಿದ್ದೆ

ಸಿಸ್ಟರ್ ಚಿಕ್ಕಮ್ಮ: ತುಂಬಾ ಜನ ಹಾಗೇ ಅನ್ಕೊಂಡಿದ್ದು. ಮೊದಲ ಶತಮಾನಗಳಲ್ಲಿ ದೊಡ್ಡ ಪಾಪ ಮಾಡಿದ್ರೆ ಎಲ್ಲರಿಗೂ ಗೊತ್ತಾಗೋ ಥರ ಪ್ರಾಯಶ್ಚಿತ್ತ ಮಾಡ್ಬೇಕಿತ್ತು, ಬರೀ ರೊಟ್ಟಿ ನೀರು, ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ. 300 ದಿನ ಅಂದ್ರೆ ಅಂಥ 300 ದಿನದ ಪ್ರಾಯಶ್ಚಿತ್ತಕ್ಕೆ ಸಮ ಅಂತ ಅರ್ಥ. ಕ್ವಾರಂಟೈನ್ ಅಂದ್ರೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಥರ 40 ದಿನದ ಉಪವಾಸ. ಅಲ್ಲಿ ಕ್ಯಾಲೆಂಡರ್ ನೇತಾಕಿಲ್ಲ. ಜನ ಹೀಗೆ ತಪ್ಪು ತಿಳ್ಕೊತಾರೆ ಅಂತಾನೇ 1967ರಲ್ಲಿ ಪೋಪ್ ಆರನೇ ಪೌಲರು ದಿನ ವರ್ಷದ ಲೆಕ್ಕಾನೇ ತೆಗೆದುಹಾಕಿದ್ರು. ಈಗ ಎರಡೇ, ಪೂರ್ಣ ಇಲ್ಲಾ ಭಾಗಶಃ. ಅಮ್ಮಂಗೆ ಯಾರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ, ಗೀಟು ಹಾಕೋದ್ರಲ್ಲಿ ಅವಳಿಗೊಂದು ಖುಷಿ ಇತ್ತು.

ಸಿಸ್ಟರ್ ಚಿಕ್ಕಮ್ಮ: ಈಗ ಅಣ್ಣಂಗೆ. ಮಾರಾಟ ನಡೆದಿದ್ದು ನಿಜ, ನಾಚಿಕೆಗೇಡು, ಇಲ್ಲ ಅನ್ನಲ್ಲ. 1567ರಲ್ಲಿ ಪೋಪ್ ಐದನೇ ಪಿಯುಸ್ ದುಡ್ಡಿಗೆ ಸಂಬಂಧಪಟ್ಟ ಇಂಡಲ್ಜೆನ್ಸ್ ಎಲ್ಲಾ ರದ್ದು ಮಾಡಿದ್ರು.

ಮಾವ: ಲೂಥರ್ ಹೇಳಿ 50 ವರ್ಷ ಆದ್ಮೇಲೆ. ನಮ್ಮ ತಾಲ್ಲೂಕು ಆಫೀಸೇ ವಾಸಿ

ಸಿಸ್ಟರ್ ಚಿಕ್ಕಮ್ಮ: ಒಪ್ಕೊಂಡೆ. ಆದ್ರೆ ಬಾಕಿ ಏನಿದೆ ಅಂತ ಕೇಳಿದ್ಯಲ್ಲ. ನೀನು ಮೂರನೇ ಕ್ಲಾಸಲ್ಲಿದ್ದಾಗ ಪಕ್ಕದ ಮನೆ ಕೊಟ್ಟಿಗೆ ಮೇಲೆ ಕಲ್ಲು ಎಸೆದು ಹೆಂಚು ಒಡೆದ್ಯಲ್ಲ. ಅವರು ಮಗು ಹೋಗ್ಲಿ ಬಿಡಿ ಅಂದ್ರು. ಕ್ಷಮೆ ಅಲ್ಲಿಗೇ ಸಿಕ್ತು. ಆದ್ರೂ ಸೂರು ಸೋರ್ತಾನೇ ಇತ್ತಲ್ಲ, ಅಪ್ಪ ಸಂತೆಯಿಂದ ನಿನ್ನ ತಲೆ ಮೇಲೇ ಹೊಸ ಹೆಂಚು ಹೊರಿಸ್ಕೊಂಡು ಬಂದ್ರು. ಗುರುಗಳ ಹತ್ರ ಪಾಪ ಹೇಳ್ಕೊಂಡು ಪಾಪನಿವೇದನೇಲಿ ಕ್ಷಮೆ ಸಿಕ್ಕಿದ ಮೇಲೂ ಉಳಿಯೋದು ಆ ಸೋರೋ ಸೂರು. ಹೊರಗಡೆದಷ್ಟೇ ಅಲ್ಲ, ನಮ್ಮ ಒಳಗಡೆದೂ. ಆವತ್ತು ದಾರೀಲಿ ನಿನ್ನ ಕೈಲಿ ಆಗಲ್ಲ ಅಂತ ಅತ್ತಾಗ ಅಕ್ಕ ನಾಲ್ಕು ಹೆಂಚು ತಾನು ಹೊತ್ಕೊಂಡ್ಲು, ತಪ್ಪು ಅವಳದಲ್ಲ. ಇಂಡಲ್ಜೆನ್ಸ್ ಅಂದ್ರೆ ಇಷ್ಟೇ ಕಣೋ. ಕ್ರಿಸ್ತರು ಹೊತ್ತಿದ್ದು, ಮಾತೆ ಮರಿಯಮ್ಮ ಸಂತರೆಲ್ಲ ಅವರ ಜೊತೆ ಸೇರಿ ಹೊತ್ತಿದ್ದು, ಅದ್ರಲ್ಲಿ ನಮಗೂ ಪಾಲು ಕೊಡೋದು. ಪಾಪ ಮಾಫಿ ಅಲ್ಲ, ಮುಂದೆ ಮಾಡೋ ಪಾಪಕ್ಕೆ ಲೈಸೆನ್ಸ್ ಅಂತೂ ಅಲ್ವೇ ಅಲ್ಲ.

ಸ್ವಲ್ಪ ಹೊತ್ತು ಯಾರೂ ಏನೂ ಹಾಕ್ಲಿಲ್ಲ. ಆಮೇಲೆ ಮಾವ ಸತ್ತವರಿಗೆ ಪ್ರಾರ್ಥನೆ ಬೈಬಲಲ್ಲಿ ಎಲ್ಲಿದೆ ಅಂದ್ರು, ಚಿಕ್ಕಮ್ಮ ಎರಡನೇ ಮಕ್ಕಬಿಯರ ಗ್ರಂಥ 12ನೇ ಅಧ್ಯಾಯ ಅಂದ್ರು, ಮಾವ ಆ ಪುಸ್ತಕ ನಮ್ಮ ಬೈಬಲಲ್ಲಿ ಇಲ್ಲ ಅಂದ್ರು, ಗೊತ್ತು ಅಂದ್ರು ಚಿಕ್ಕಮ್ಮ. ಈ ಜಗಳ ನಮ್ಮ ಮನೇಲಿ ಪ್ರತಿ ಕ್ರಿಸ್ಮಸ್ಸಿಗೂ ಇದ್ದದ್ದೇ.

ದುಬೈ ಅಣ್ಣ: ಚಿಕ್ಕಮ್ಮ ಪೂರ್ಣದ್ದು ಸಿಗೋಕೆ ಏನ್ ಮಾಡ್ಬೇಕು, ಶಾರ್ಟಾಗಿ

ಸಿಸ್ಟರ್ ಚಿಕ್ಕಮ್ಮ: ನಾಳೆಯಿಂದ 8ನೇ ತಾರೀಕಿನವರೆಗೆ ಸಮಾಧಿ ಹತ್ರ ಹೋಗಿ ಸತ್ತವರಿಗೋಸ್ಕರ ಪ್ರಾರ್ಥಿಸಿದ್ರೆ ಪೂರ್ಣ ಇಂಡಲ್ಜೆನ್ಸ್ ಅವರಿಗೆ ಕೊಡಬಹುದು, ದಿನಕ್ಕೆ ಒಂದು. ಜೊತೆಗೆ ಪಾಪನಿವೇದನೆ, ಪೂಜೇಲಿ ಪರಮಪ್ರಸಾದ ತಗೊಳ್ಳೋದು, ಪೋಪ್ ಉದ್ದೇಶಗಳಿಗೆ ಒಂದು ಪರಲೋಕ ಮಂತ್ರ ಒಂದು ನಮೋ ಮರಿಯ ಜಪ. ಪಾಪನಿವೇದನೆ ಅದೇ ದಿನ ಆಗ್ಬೇಕು ಅಂತೇನಿಲ್ಲ, 20 ದಿನ ಹಿಂದೆ ಮುಂದೆ ಆದ್ರೂ ನಡೆಯುತ್ತೆ. ಇವೆಲ್ಲ ಸುಲಭ. ಕಷ್ಟದ್ದು ಕೊನೇದು, ಯಾವ ಪಾಪದ ಮೇಲೂ, ಚಿಕ್ಕದರ ಮೇಲೂ, ಒಂಚೂರು ಅಂಟು ಇರಬಾರದು. ಅದಿಲ್ಲ ಅಂದ್ರೆ ಭಾಗಶಃ ಅಷ್ಟೇ. ಒಳಗೆ ಸಿಟ್ಟು ಸಾಕ್ಕೊಂಡು ಸಮಾಧಿಗೆ ಹೋಗಿ ನಿಂತ್ರೆ ಅದು ಪೂರ್ಣ ಆಗಲ್ಲ

ಮತ್ತೆ ಸೈಲೆಂಟ್. ಅಜ್ಜಿಯ ಎರಡೆಳೆ ಸರ ಯಾರ ಬೀರುವಲ್ಲಿದೆ, ಯಾರು ಯಾರ ಮನೆ ಬಾಗಿಲು ತುಳಿದು ಎಷ್ಟು ದಿನ ಆಯ್ತು ಅನ್ನೋದು ಗ್ರೂಪಲ್ಲಿರೋ ಹದಿನಾಲ್ಕು ಜನಕ್ಕೂ ಗೊತ್ತು. ದೊಡ್ಡಮ್ಮ ಟೈಪ್ ಮಾಡ್ತಿದಾರೆ ಅಂತ ಬಂತು, ಹೋಯ್ತು, ಮತ್ತೆ ಬಂತು.

ದೊಡ್ಡಮ್ಮ: ನಂಗೆ ಈ ಲೆಕ್ಕ ಎಲ್ಲ ಬೇಡ. ಅಮ್ಮ ಕೊನೆ ಮೂರು ದಿನ ಐಸಿಯುನಲ್ಲಿ ಇದ್ಲು. ಫಾದರ್ ಬರೋದ್ರೊಳಗೆ ಹೋಗ್ಬಿಟ್ಲು. ಪಾಪನಿವೇದನೆ ಇಲ್ಲ, ಕಾಯಿಲೆಯವರಿಗೆ ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸೋ ಅಭ್ಯಂಗಾನೂ ಇಲ್ಲ. ಅದಕ್ಕೇ ಯಾರು ಏನ್ ಕಳಿಸಿದ್ರೂ ಹೇಳ್ತೀನಿ

ಸಿಸ್ಟರ್ ಚಿಕ್ಕಮ್ಮ: ಅಯ್ಯೋ ಅಕ್ಕ. ಇದನ್ನ ಯಾಕೆ ನಂಗೆ ಮೊದಲೇ ಹೇಳ್ಲಿಲ್ಲ. ಕೇಳು, ಸಾಯೋ ಹೊತ್ತಿಗೆ ಗುರುಗಳು ಸಿಗದೇ ಹೋದ್ರೂ ಮನಸ್ಸು ದೇವರ ಕಡೆ ಇರೋರಿಗೆ ಚರ್ಚೇ ಪೂರ್ಣ ಇಂಡಲ್ಜೆನ್ಸ್ ಕೊಡುತ್ತೆ. ಜೀವನದಲ್ಲಿ ಏನಾದ್ರೂ ಪ್ರಾರ್ಥನೆ ರೂಢೀಲಿ ಹೇಳ್ತಿದ್ರೆ ಸಾಕು, ಪಾಪನಿವೇದನೆ, ಪರಮಪ್ರಸಾದ ಅವೆಲ್ಲದರ ಬದಲು ಚರ್ಚೇ ನಿಲ್ಲುತ್ತೆ. ಅದೇ ಅಧಿಕೃತ ಪುಸ್ತಕದಲ್ಲಿ ಇರೋದು, ನಾನು ಸಮಾಧಾನಕ್ಕೆ ಹೇಳ್ತಿಲ್ಲ. ಅವಳ ಒಳಗಿಂದು ದೇವರಿಗೆ ಬಿಟ್ಟಿದ್ದು. ಆದ್ರೆ ದಿನಾ ಜಪಸರ ಬಿಡದೋಳು ಅಮ್ಮ, ಕರೆಂಟ್ ಹೋದ್ರೂ ಕತ್ತಲಲ್ಲೇ ಹೇಳ್ತಿದ್ಲು

ಮಾವ: ಅಮ್ಮ ಎಲ್ಲಿದಾಳೆ ಅಂತ ನಂಗೆ ಯಾವತ್ತೂ ಡೌಟ್ ಇಲ್ಲ ಅಕ್ಕ. ಅಷ್ಟು ಮಾತ್ರ ಹೇಳ್ತೀನಿ

ನಮ್ಮಮ್ಮ ಈಗ ಮೊದಲ ಸಲ ಅಕ್ಷರದಲ್ಲಿ ಏನೋ ಬರೆದ್ರು: ಎಲ್ರೂ ಊಟ ಮಾಡಿದ್ರಾ.

ದುಬೈ ಅಣ್ಣ: ನಂಗೆ ಬರೋಕಾಗಲ್ಲ, ಇಲ್ಲಿರೋ ಚರ್ಚಿಗೆ ಹೋಗ್ತೀನಿ. 2013ರಲ್ಲಿ ರಿಯೋದಲ್ಲಿ ಕಥೋಲಿಕ ಯುವಜನರ ಸಮ್ಮೇಳನ ಆದಾಗ ಟ್ವಿಟರಲ್ಲಿ ಪೋಪನ್ನ ಫಾಲೋ ಮಾಡಿದ್ರೆ ಇಂಡಲ್ಜೆನ್ಸ್ ಅಂತ ಪೇಪರಲ್ಲಿ ಬಂದಿತ್ತಲ್ಲ ಅದು ಈಗ ಇಲ್ವಾ

ಸಿಸ್ಟರ್ ಚಿಕ್ಕಮ್ಮ: ಪೇಪರ್‌ನವರು ಷರತ್ತೆಲ್ಲ ಬಿಟ್ಟು ಬರೆದಿದ್ದು. ಈ ಸಲ ಜೂಬಿಲಿ ವರ್ಷಕ್ಕೆ, ಅಂದ್ರೆ ಚರ್ಚ್‌ನ ವಿಶೇಷ ಪವಿತ್ರ ವರ್ಷಕ್ಕೆ, ಅದರ ಉಲ್ಟಾನೇ ಇದೆ. ವಾರದಲ್ಲಿ ಒಂದು ದಿನವಾದ್ರೂ ಪ್ರಾಯಶ್ಚಿತ್ತ ಅಂತ ಸೋಷಿಯಲ್ ಮೀಡಿಯಾ ಥರದ ಕೆಲಸಕ್ಕೆ ಬಾರದ್ದನ್ನ ಬಿಟ್ಟಿದ್ರೆ ಅದಕ್ಕೂ ಇಂಡಲ್ಜೆನ್ಸ್ ಇದೆ, ಮಾಮೂಲಿ ಷರತ್ತುಗಳ ಜೊತೆ. 2026 ಜನವರಿ 6ರವರೆಗೆ. ಈ ಗ್ರೂಪಿಗೆ ಅದು ಸಾಕು

ದೊಡ್ಡಮ್ಮ: ಹಾಗಾದ್ರೆ ಭಾನುವಾರ ಫೋನ್ ಆಫ್ ಮಾಡ್ತೀನಿ. ಸಮಾಧಿ ಹತ್ರ ಎಷ್ಟು ಗಂಟೆಗೆ ಸೇರೋದು ಈಗಲೇ ಹೇಳ್ಬಿಡಿ

ನಾನು: ಪೂಜೆ ಏಳಕ್ಕೆ, ಅಲ್ಲಿಂದ ಒಂಬತ್ತಕ್ಕೆ. ಹೂವು ಮೊಂಬತ್ತಿ ನಾನು ತರ್ತೀನಿ

ಮಾವ: ನಾನು ಪ್ರಾರ್ಥನೆಗೆ ಬರಲ್ಲ, ಗೊತ್ತಲ್ಲ. ಆದ್ರೆ ಮಳೆಗೆ ಸಮಾಧಿ ಎಲ್ಲ ಪಾಚಿ ಕಟ್ಟಿರುತ್ತೆ. ನಾಳೆ ಹೋಗಿ ಉಜ್ಜಿ ಸುಣ್ಣ ಹೊಡೀತೀನಿ

ದೊಡ್ಡಮ್ಮ: ಒಬ್ನೇ ಹೋಗ್ಬೇಡ ಬೆನ್ನು ನೋವು ನಿಂಗೆ. ಬ್ರಷ್ ನನ್ನ ಹತ್ರ ಇದೆ, ಹತ್ತಕ್ಕೆ ಬಂದು ಕರ್ಕೊಂಡು ಹೋಗು

ದೊಡ್ಡಮ್ಮ: ಮತ್ತೆ ಅವತ್ತು ನಾಲ್ಕಲ್ಲ, ಆರು ಹೆಂಚು ಹೊತ್ತಿದ್ದು ನಾನು