ಪದಚರ್ಚೆ: ಬೋರ್ಡಿಗೆ ‘ಫಾಸ್ಟಿಂಗ್’ – ಉಪವಾಸವೋ, ಖಾಲಿ ಹೊಟ್ಟೆಯೋ? (ಇವತ್ತೇ ಬೇಕು)

ನಮಸ್ಕಾರ. ಆಸ್ಪತ್ರೆಯೊಂದರ ಲ್ಯಾಬ್ ಮತ್ತು ಸ್ಕ್ಯಾನಿಂಗ್ ಕೋಣೆಯ ಬೋರ್ಡು ಸಂಜೆ ಪ್ರಿಂಟಿಗೆ ಹೋಗಬೇಕು. ‘ಫಾಸ್ಟಿಂಗ್ 8–10 ಗಂಟೆ’ ಎಂಬುದಕ್ಕೆ ‘ಉಪವಾಸವಿದ್ದು ಬನ್ನಿ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ? ಕೆಳಹೊಟ್ಟೆ ಸ್ಕ್ಯಾನಿಗೆ ‘ಮೂತ್ರಕೋಶ ತುಂಬಿರಬೇಕು’ ಎಂದಿದೆ. ಇದಕ್ಕಿಂತ ಸುಲಭದ ಮಾತು ಬೇಕು.
– ಸು.

ಮೇಡಂ, ಉಪವಾಸ ಬೇಡವೇ ಬೇಡ. ಏಕಾದಶಿ, ಶನಿವಾರದ ಉಪವಾಸಕ್ಕೆ ಬಾಳೆಹಣ್ಣು, ಹಾಲು, ಅವಲಕ್ಕಿ ನಡೆಯುತ್ತೆ. ಹುಬ್ಬಳ್ಳಿ ಕಡೆ ಸಾಬೂದಾಣಿ ಖಿಚಡಿಯೂ. ತಿಂದು ಬಂದವರು ‘ಉಪವಾಸ ಇದ್ದೀನಿ’ ಅಂದರೆ ಸುಳ್ಳಲ್ಲ, ಶುಗರ್ ರಿಪೋರ್ಟ್ ಮಾತ್ರ ಕೆಟ್ಟಿರುತ್ತೆ. ರೋಜಾ ಹಿಡಿಯುವವರಿಗೆ ಉಪವಾಸ ಅಂದರೆ ನೀರೂ ಇಲ್ಲ. ನೀರಿಲ್ಲದೆ ಬಂದರೆ ನರ ಸಿಗೋದು ಕಷ್ಟ, ಎರಡೆರಡು ಸಲ ಚುಚ್ಚಬೇಕು. ‘ಊಟ ಮಾಡಬೇಡಿ’ ಅಂತಲೂ ಬರೀಬೇಡಿ, ಇಡ್ಲಿ ನಮ್ಮಲ್ಲಿ ಊಟವಲ್ಲ, ತಿಂಡಿ. ‘ಏನೂ ತಿನ್ನಬೇಡಿ’ ಅಂದರೆ ಕಾಫಿ ನುಸುಳುತ್ತೆ.

ಹೀಗೆ ಹಾಕಿ: ‘ಹಿಂದಿನ ರಾತ್ರಿ 9ರೊಳಗೆ ಊಟ ಮುಗಿಸಿ. ಆಮೇಲೆ ರಕ್ತ ಕೊಡುವ ತನಕ ತಿಂಡಿ, ಕಾಫಿ, ಟೀ, ಹಾಲು, ಹಣ್ಣು, ಎಲೆಅಡಿಕೆ ಬೇಡ. ಬರೀ ನೀರು ಕುಡಿಯಬಹುದು.’ ಬೆಳಿಗ್ಗೆ 7ಕ್ಕೆ ರಕ್ತ ತೆಗೆದರೆ 10 ಗಂಟೆ ಆಯಿತು.
– ಗಿ.

ಉಪ + ವಾಸ, ಅಂದರೆ ಹತ್ತಿರ ಇರುವುದು, ದೇವರ ಹತ್ತಿರ. ಹೊಟ್ಟೆಯ ಮಾತೇ ಅಲ್ಲಿಲ್ಲ. ‘ಖಾಲಿ’ ಅರಬ್ಬಿಯದು. ಬರಿಗಾಲು, ಬರಿಗೈ ಇರುವ ಭಾಷೆಯಲ್ಲಿ ‘ಬರಿಹೊಟ್ಟೆ’ ಇರುವಾಗ ಚರ್ಚೆಯೇ ಅನಗತ್ಯ.
– ನಾ.

ನಿಟ್ಟುಪವಾಸ, ಅಂದರೆ ಏನೂ ತಿನ್ನದ ಕಟ್ಟುನಿಟ್ಟಿನ ಉಪವಾಸ?
– ವೆಂ.

ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ಈ ಗುಂಪಿನಲ್ಲೇ ನಾಲ್ಕು ಜನ. ನೀರು ಕುಡೀಬಹುದೋ ಇಲ್ಲವೋ ಅದೂ ಹೇಳಲ್ಲ.

ನಾ. ಅವರ ಬರಿಹೊಟ್ಟೆ ಚೆಂದ. ಆದರೆ ಥೈರಾಯ್ಡ್ ಮಾತ್ರೆ ಚೀಟಿಯಲ್ಲಿ ‘ಖಾಲಿ ಹೊಟ್ಟೆ’ ಅಂದರೆ ತಿಂಡಿಗೆ ಅರ್ಧ–ಮುಕ್ಕಾಲು ಗಂಟೆ ಮೊದಲು ಅಂತಲೇ ಜನಕ್ಕೆ ರೂಢಿ. ಬರಿ ಆಗಲಿ ಖಾಲಿ ಆಗಲಿ, ಎಷ್ಟು ಗಂಟೆ ಅನ್ನೋದು ಪದದೊಳಗಿಲ್ಲ. ಜೊತೆಗೆ ಒಂದು ಸಾಲು ಸೇರಿಸಿ: ‘ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಿ.’ ಏನೂ ತಿನ್ನದೆ ಅದನ್ನು ತೆಗೆದುಕೊಂಡರೆ ಶುಗರ್ ಇಳಿದು, ಬೆವೆತು, ಕ್ಯೂನಲ್ಲೇ ತಲೆಸುತ್ತಿ ಬೀಳಬಹುದು.

ಮೂತ್ರಕೋಶ ತೆಗೆಯಿರಿ, ಮೂತ್ರಪಿಂಡದ ಜೊತೆ ಗೊಂದಲ. ‘ಸ್ಕ್ಯಾನಿಗೆ 1 ಗಂಟೆ ಮೊದಲು 1 ಲೀಟರ್ ನೀರು ಕುಡಿಯಿರಿ. ಸ್ಕ್ಯಾನ್ ಮುಗಿಯುವ ತನಕ ಒಂದಕ್ಕೆ ಹೋಗಬೇಡಿ.’ ಲೋಟದ ಲೆಕ್ಕ ಬೇಡ, ಕಾಫಿ ಲೋಟದಲ್ಲಿ ನಾಲ್ಕು ಕುಡಿದು ಬರುತ್ತಾರೆ. ಕಿಡ್ನಿ, ಹಾರ್ಟ್ ತೊಂದರೆಗೆ ನೀರು ಮಿತಿ ಹೇಳಿಸಿಕೊಂಡವರು ಕೇಳಿಯೇ ಕುಡಿಯಲಿ. ಮೇಲ್ಹೊಟ್ಟೆ ಸ್ಕ್ಯಾನಿಗೆ ಬೇರೆ ಸಾಲು: 6–8 ಗಂಟೆ ಏನೂ ತಿನ್ನಬಾರದು, ಹಾಲು ಹಾಕಿದ ಕಾಫಿಯೂ ಬೇಡ. ಪಿತ್ತಕೋಶ ಕುಗ್ಗಿದರೆ ಕಲ್ಲು ಕಾಣದೆ ಹೋಗಬಹುದು.
– ಗಿ.

‘ಒಂದಕ್ಕೆ’ ಸರ್ಕಾರಿ ಬೋರ್ಡಿನಲ್ಲಿ? ಸಭ್ಯತೆ ಬೇಡವೇ? ‘ಶುಗರ್’, ‘ಕಿಡ್ನಿ’, ‘ಹಾರ್ಟ್’... ಹೀಗೇ ಹೋದರೆ ವಿಭಕ್ತಿ ಪ್ರತ್ಯಯ ಮಾತ್ರ ಕನ್ನಡದ್ದು ಉಳಿಯುತ್ತದೆ.
– ನಾ.

ರಾಯರೇ, ‘ಗಂಟೆ’ ಸಂಸ್ಕೃತದ್ದು, ‘ಆಸ್ಪತ್ರೆ’ ಸಮುದ್ರ ದಾಟಿ ಬಂದದ್ದು. ಬೋರ್ಡಿನ ಅರ್ಧ ಅಳಿಸಬೇಕಾದೀತು.
– ವೆಂ.

ಅವು ಒಗ್ಗಿವೆ. ಒಗ್ಗಿದ್ದಕ್ಕೂ ತುರುಕಿದ್ದಕ್ಕೂ ವ್ಯತ್ಯಾಸ ತಿಳಿಯದವರ ಜೊತೆ ವಾದವಿಲ್ಲ.
– ನಾ.

ಸಾಲುಗಳನ್ನು ತೆಗೆದುಕೊಂಡೆ, ಧನ್ಯವಾದ. ಮೇಲೆ ದಪ್ಪಕ್ಷರದಲ್ಲಿ ‘ಬರಿಹೊಟ್ಟೆ ರಕ್ತಪರೀಕ್ಷೆ’ ಹಾಕಲೇ?
– ಸು.

ಹಾಕಿ, ಪಕ್ಕದಲ್ಲೇ ‘ಫಾಸ್ಟಿಂಗ್’ ಕನ್ನಡ ಅಕ್ಷರದಲ್ಲಿ ಇರಲಿ. ಬಿಲ್ಲಿನಲ್ಲಿ ಅಚ್ಚಾಗೋದೂ ಕೌಂಟರಿನವರು ಕೂಗೋದೂ ಅದನ್ನೇ. ತಿಂಡಿ ನಂತರದ ಪರೀಕ್ಷೆಗೆ ‘ಮೊದಲ ತುತ್ತಿನಿಂದ 2 ಗಂಟೆ’ ಅಂತ ಬರೆಯಿರಿ. ‘ತಿಂಡಿ ಆಗಿ 2 ಗಂಟೆ’ ಅಂದರೆ ಕೈ ತೊಳೆದ ಮೇಲಿಂದ ಎಣಿಸುತ್ತಾರೆ.
– ಗಿ.