ಸಹಾಯ ಬೇಕು: ಮಗನನ್ನು ಕಳೆದುಕೊಂಡ ಮನೆಯಲ್ಲಿ ಏನು ಓದಲಿ?

ಎಲ್ಲರಿಗೂ ವಂದನೆ. ನಮ್ಮ ದೊಡ್ಡಮ್ಮನ ಮಗಳ ಒಬ್ಬನೇ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ. ಮುಂದಿನ ವಾರ ಮನೆಯಲ್ಲಿ ಪ್ರಾರ್ಥನಾ ಕೂಟವಿದೆ, ಬೈಬಲ್ ವಾಕ್ಯ ಓದಿ ನಾಲ್ಕು ಮಾತಾಡಲು ಸಭೆಯ ಅಯ್ಯನವರು (ಪಾಸ್ಟರ್) ನನಗೆ ಹೇಳಿದ್ದಾರೆ.

ಬಂದವರೆಲ್ಲ "ದೇವರ ಚಿತ್ತ, ಅಳಬೇಡ" ಎನ್ನುತ್ತಾರೆ. ಒಬ್ಬರಂತೂ ಮನೆಯವರ ಪಾಪವೇ ಕಾರಣ ಎಂದುಬಿಟ್ಟರು. ಅಂದಿನಿಂದ ಅಕ್ಕ ಊಟ ಬಿಟ್ಟಿದ್ದಾಳೆ. ಆ ಮಾತು ವಾಕ್ಯಕ್ಕೇ ವಿರುದ್ಧ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಯೇಸುಸ್ವಾಮಿಯೇ ಹೇಳಿದ್ದು ಲೂಕನ ಸುವಾರ್ತೆ 13ರಲ್ಲಿದೆ. ಸತ್ತ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಆತನು ಅತ್ತನಲ್ಲವೇ! ಹಾಗಿರುವಾಗ ತಾಯಿಗೆ ಅಳಬೇಡ ಎನ್ನಲು ನಾವು ಯಾರು? ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಸಹ ಏಳು ದಿನ ಸುಮ್ಮನೆ ಜೊತೆಯಲ್ಲಿ ಕೂತಿದ್ದರು, ಬಾಯಿ ತೆರೆದ ಮೇಲೇ ನೋಯಿಸಿದ್ದು.

ಕೀರ್ತನೆ 88 ಓದಬೇಕೆಂದಿದ್ದೇನೆ. ಅದು ಕೊನೆಯವರೆಗೂ ಕತ್ತಲೆಯಲ್ಲೇ ಇರುವ ಮೊರೆ, ಅಕ್ಕನ ಈಗಿನ ಸ್ಥಿತಿಯೂ ಅದೇ. ಆದರೆ ಅದರ ನಂತರ ಪುನರುತ್ಥಾನದ ನಿರೀಕ್ಷೆಯನ್ನು, ಅವಳ ದುಃಖವನ್ನು ತಳ್ಳಿಹಾಕದಂತೆ, ಹೇಗೆ ಹೇಳಲಿ? ಸತ್ತವರು ಎದ್ದು ಬರುವರೆಂದು ಹೇಳುವ 1 ಥೆಸಲೋನಿಕ 4 ಈಗಲೇ ಓದುವುದು ಅವಸರವಾದೀತೇ?

ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಇಲ್ಲಿದ್ದರೆ, ಆ ದಿನಗಳಲ್ಲಿ ಯಾವ ವಾಕ್ಯ ನಿಮ್ಮನ್ನು ಹಿಡಿದು ನಿಲ್ಲಿಸಿತು, ಯಾವ ಮಾತು ಚುಚ್ಚಿತು, ದಯವಿಟ್ಟು ತಿಳಿಸಿ. ಕನ್ನಡದಲ್ಲಿ ಮಾತಾಡುವ ಆಪ್ತಸಮಾಲೋಚಕರು ಹುಬ್ಬಳ್ಳಿ-ಧಾರವಾಡ ಕಡೆ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಭಾವ ಯಾರೊಡನೆಯೂ ಮಾತಾಡುತ್ತಿಲ್ಲ, ನನಗೆ ಅಕ್ಕನಷ್ಟೇ ಅವರ ಚಿಂತೆಯೂ ಇದೆ.