ಪದ ಬೇಕು: ಕರ್ನೆಲ್ ಗಡಿಯಾರದ ‘ಸ್ಕ್ಯೂ’ ಮತ್ತು ‘ಡ್ರಿಫ್ಟ್’

ಸಂಜೆಯೊಳಗೆ ಬೇಕಿತ್ತು. ಕಂಪ್ಯೂಟರ್ ತಪ್ಪು ಗಂಟೆ ತೋರಿಸಿದರೆ ಏನು ಮಾಡಬೇಕು ಎಂಬ ಲಿನಕ್ಸ್ ಸಹಾಯಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ, ಸಾಮಾನ್ಯವಾಗಿ ಪ್ರೊಸೆಸರ್ ಒಳಗಿನ ಟಿಎಸ್‌ಸಿ ಎಣಿಕೆಯಿಂದ ಸಮಯ ಲೆಕ್ಕ ಹಾಕುತ್ತದೆ. ಹಲವು ಯಂತ್ರಗಳಲ್ಲಿ ಅದನ್ನು ಅರ್ಧ ಸೆಕೆಂಡಿಗೊಮ್ಮೆ ಎಚ್‌ಪಿಇಟಿಯಂಥ ಇನ್ನೊಂದು ಗಡಿಯಾರದ ಜೊತೆ ತಾಳೆ ನೋಡುತ್ತದೆ. ಎರಡರ ಲೆಕ್ಕ ತೀರಾ ದೂರವಾದರೆ (ಆ ದೂರವೇ ಸ್ಕ್ಯೂ) ‘ಸ್ಕ್ಯೂ ಜಾಸ್ತಿ, ಟಿಎಸ್‌ಸಿ ಅನ್‌ಸ್ಟೇಬಲ್’ ಎಂದು ಲಾಗ್‌ನಲ್ಲಿ ಬರೆದು ಬೇರೆ ಗಡಿಯಾರ ಹಿಡಿಯುತ್ತದೆ. ಡ್ರಿಫ್ಟ್ ಅಂದರೆ ದಿನಾ ಚೂರುಚೂರು ಮುಂದೋ ಹಿಂದೋ ಹೋಗುವುದು. ಎರಡಕ್ಕೂ ‘ವ್ಯತ್ಯಾಸ’ ಅಂತ ಬರೆದರೆ ಓದುಗ ಕಂಗಾಲು. ‘ವಿಚಲನೆ’ ದಯವಿಟ್ಟು ಬೇಡ.

ಮರು:
ಮೊದಲು ‘ಗಡಿಯಾರ’ ಬಿಡಿ. ಅದರ ಬೇರು ಸಂಸ್ಕೃತದ ಘಟಿಕಾ. ‘ಹೊತ್ತಳಕ’ ಅನ್ನಿ. ಸ್ಕ್ಯೂಗೆ ‘ಓರೆ’, ಡ್ರಿಫ್ಟ್‌ಗೆ ‘ತೇಲಿಕೆ’. ಮುಗಿಯಿತು.

ಮರು: ಮರು:
ತೇಲಿಕೆ? ಗಡಿಯಾರ ಕೆರೆಗೆ ಬಿದ್ದಿದೆಯಾ?

ಮರು: ಮರು: ಮರು:
ನಗಬೇಡಿ. ಗಳಿಗೆ ಬಟ್ಟಲು ನೀರಲ್ಲೇ ತೇಲುತ್ತಿತ್ತು. ತಳದ ತೂತಿಂದ ನೀರು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ.

ಮರು: ಮರು: ಮರು: ಮರು:
ಆ ‘ಗಳಿಗೆ’ಯೂ ಘಟಿಕಾದಿಂದಲೇ ಬಂತಲ್ಲ ಸ್ವಾಮಿ! ಅದನ್ನೂ ಬಿಡುತ್ತೀರಾ? ‘ಸೆಕೆಂಡ್’ ಬಿಡುತ್ತೀರಾ? ಸುಮ್ನೆ ಹಟ. ಕೇಳಿದವರಿಗೆ ಪುಟ ಮುಗಿಸಬೇಕು.

ಸ್ಕ್ಯೂಗೆ ‘ಅಂತರ’ ಸಾಕು. ಇಲ್ಲಿ ಯಾವುದೂ ಓರೆಯಾಗಿಲ್ಲ, ಎರಡು ಎಣಿಕೆ ದೂರವಾಗಿವೆ ಅಷ್ಟೇ. ಡ್ರಿಫ್ಟ್‌ಗೆ ನಾಮಪದವೇ ಬೇಕಿಲ್ಲ. ‘ಗಡಿಯಾರ ಹಿಂದೆ ಬೀಳುತ್ತಿದೆ’, ‘ಮುಂದೆ ಓಡುತ್ತಿದೆ’ ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ, ಅಲ್ವಾ? ತಲೆಬರಹಕ್ಕೆ ಬೇಕೇ ಬೇಕಾದರೆ ‘ಜಾರಿಕೆ’.

ಇನ್ನೊಂದು ಮಾತು. ಸರಿಯಾಗಿ ಐದೂವರೆ ಗಂಟೆ ತಪ್ಪು ತೋರಿಸಿದರೆ ಅದು ಎರಡೂ ಅಲ್ಲ. ವಿಂಡೋಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ನಮ್ಮ ಸಮಯ ಬರೆದಿಡುತ್ತದೆ, ಲಿನಕ್ಸ್ ಅದನ್ನೇ ಯುಟಿಸಿ, ಅಂದರೆ ಜಗತ್ತಿನ ಪ್ರಮಾಣ ಸಮಯ, ಅಂದುಕೊಳ್ಳುತ್ತದೆ. ಎರಡನ್ನೂ ಹಾಕಿಕೊಂಡವರ ಗೋಳು ಹೆಚ್ಚಾಗಿ ಇದೇ. ಅದಕ್ಕೆ ‘ಜಾರಿಕೆ’ ಅಂತ ಬರೆದು ದಾರಿ ತಪ್ಪಿಸಬೇಡಿ.

ಮರು: ಕೇಳಿದವನಿಂದ
‘ಅಂತರ’, ‘ಜಾರಿಕೆ’ ಹಾಕಿದೆ. ಐದೂವರೆ ಗಂಟೆಯದನ್ನು ಬೇರೆ ಪ್ಯಾರಾ ಮಾಡಿದೆ. ಅನ್‌ಸ್ಟೇಬಲ್‌ಗೆ ‘ಅಸ್ಥಿರ’ ನಡೆಯುತ್ತದಾ?

ಮರು: ಮರು:
‘ಅಸ್ಥಿರ’ ಅಂದರೆ ಸರ್ಕಾರ ಬೀಳುತ್ತದೆ ಅಂದುಕೊಳ್ಳುತ್ತಾರೆ. ಕರ್ನೆಲ್ ಹೇಳುತ್ತಿರುವುದು ‘ಇದನ್ನು ನಂಬುವಂತಿಲ್ಲ’ ಅಂತ. ಹಾಗೇ ಬರೆಯಿರಿ.

ಮರು: ಮರು: ಮರು:
‘ಅಂತರ’ವೂ ಸಂಸ್ಕೃತವೇ. ನನ್ನ ಆಕ್ಷೇಪ ದಾಖಲಾಗಲಿ.

ಮರು: ಮರು: ಮರು: ಮರು:
‘ಆಕ್ಷೇಪ’ವೂ.